ಮಸೂರ 'ಚಿವುಟಿದೆ' ಎನ್ನಬಹುದೆ?

ಪ್ರಶ್ನೆ:
ಹಳೆಯ ಯುನಿಟ್ರಾನ್ ದೂರದರ್ಶಕದ (ವ್ಯಾಸ 60 ಮಿ.ಮೀ., ಸಂಗಮದೂರ 900 ಮಿ.ಮೀ.) ದುರಸ್ತಿ ಟಿಪ್ಪಣಿಯೊಂದನ್ನು ಕನ್ನಡಕ್ಕೆ ತರುತ್ತಿದ್ದೇನೆ. ಮಸೂರ 'ಪಿಂಚ್' ಆಗಿದೆ ಎಂಬ ಮಾತು ಪದೇಪದೇ ಬರುತ್ತದೆ. ನಿಘಂಟು 'ಚಿವುಟು' ಎನ್ನುತ್ತದೆ. ಗಾಜನ್ನು ಚಿವುಟುವುದು ಹೇಗೆ? ಈ ದೂರದರ್ಶಕದ ಮಸೂರವನ್ನು 'ಸ್ಲೋ' ಎಂದೂ ಕರೆದಿದ್ದಾರೆ. 'ನಿಧಾನ ಮಸೂರ' ಎಂದರೆ ನಗೆಪಾಟಲು. ಜೋಡಿಮಸೂರದ (ಕ್ರೌನ್, ಫ್ಲಿಂಟ್ ಎಂಬ ಎರಡು ಬಗೆಯ ಗಾಜುಗಳ ಜೋಡಿ) ನಡುವೆ ಇಡುವ ತವರದ ಹಾಳೆಯ ಚೂರಿಗೂ ಒಂದು ಹೆಸರು ಬೇಕು.

ಉತ್ತರ:
ಚಿವುಟಲು ಉಗುರು ಬೇಕು. ಇಲ್ಲಿ ಆಗುವುದು ಬಾಗಿಲ ಸಂದಿಗೆ ಬೆರಳು ಸಿಕ್ಕಂತೆ. ಹಾಗಾಗಿ 'ಮಸೂರ ಇರುಕಿದೆ' ಎನ್ನಿ, ದೋಷಕ್ಕೆ 'ಇರುಕು' ಸಾಕು. 'ಬಿಗಿತ' ಬೇಡ, ಅದು ಕಾರಣಕ್ಕೆ ಹೊಂದುತ್ತದೆ, ಪರಿಣಾಮಕ್ಕಲ್ಲ.

ಇರುಕು ಎರಡು ಬಗೆಯಲ್ಲಿ ಬರುತ್ತದೆ. ಮಸೂರವನ್ನು ಹಿಡಿದಿರುವ ತಿರುಪುಬಳೆಯನ್ನು ಯಾರೋ 'ಗಟ್ಟಿಯಾಗಿರಲಿ' ಎಂದು ಬಲವಾಗಿ ತಿರುಗಿಸಿರುತ್ತಾರೆ. ಇಲ್ಲವೆ ಚಳಿಗೆ ಲೋಹ ಕುಗ್ಗಿರುತ್ತದೆ: ಅಲ್ಯೂಮಿನಿಯಂ ಕ್ರೌನ್ ಗಾಜಿಗಿಂತ ಸುಮಾರು ಮೂರು ಪಟ್ಟು ಹೆಚ್ಚು ಕುಗ್ಗುವುದರಿಂದ, ಸಂಜೆ ಚೆನ್ನಾಗಿದ್ದ ಬಿಂಬ ರಾತ್ರಿ ಕೆಡುತ್ತದೆ. ಪರೀಕ್ಷೆ ಸುಲಭ. 150 ಪಟ್ಟು ವರ್ಧನೆಯಲ್ಲಿ ಒಂದು ನಕ್ಷತ್ರವನ್ನು ನೋಡುತ್ತ ಫೋಕಸನ್ನು ಚೂರು ತಪ್ಪಿಸಿ. ದುಂಡಗಿರಬೇಕಾದ ಬೆಳಕಿನ ಬಳೆಗಳು ಸಮೋಸದಂತೆ ಮೂರು ಮೂಲೆಯಾಗಿ ಕಂಡರೆ ಅದು ಇರುಕು. ಒತ್ತಡ ಹಾಯುವುದು ಜೋಡಿಯ ನಡುವೆ 120 ಡಿಗ್ರಿಗೊಂದರಂತೆ ಕೂತ ಮೂರು ಚೂರುಗಳ ಮೂಲಕ, ಅದಕ್ಕೇ ಮೂರು ಮೂಲೆ. ನಕ್ಷತ್ರಕ್ಕೆ ಒಂದೇ ಕಡೆ ಬಾಲ ಬಂದರೆ ಅದು 'ಓರೆ', ಮಸೂರ ವಾಲಿ ಕೂತಿದೆ. ಈ ಎರಡು ಪದಗಳನ್ನು ಬೆರೆಸಬೇಡಿ, ಓದುಗರು ತಪ್ಪು ತಿರುಪಿಗೆ ಕೈ ಹಾಕುತ್ತಾರೆ.

ಆ ಚೂರುಗಳಿಗೆ 'ಬೇಗಡೆ' ಇದೆಯಲ್ಲ! ಬಾಸಿಂಗಕ್ಕೆ ಅಂಟಿಸುವ ಮಿರುಗು ಹಾಳೆಯ ಹೆಸರು, ಕೆಲಸಕ್ಕೂ ಹೊಂದುತ್ತದೆ. ಒಂದು ಬೇಗಡೆ ಉದುರಿದ್ದರೂ ಮೂರನ್ನೂ ಒಂದೇ ಹಾಳೆಯಿಂದ ಹೊಸದಾಗಿ ಕತ್ತರಿಸಬೇಕು. ದಪ್ಪ ಹೆಚ್ಚುಕಡಿಮೆಯಾದರೆ ಸಂದು ಒಂದು ಕಡೆ ಅಗಲವಾಗಿ, ನಕ್ಷತ್ರದ ಒಂದು ಅಂಚಿಗೆ ಕೆಂಪು, ಇನ್ನೊಂದಕ್ಕೆ ನೀಲಿ ಬಳಿಯುತ್ತದೆ.

'ಸ್ಲೋ' ಕ್ಯಾಮೆರಾದವರ ಮಾತು. ಎಫ್/15ರಲ್ಲಿ, ಅಂದರೆ ಸಂಗಮದೂರ ವ್ಯಾಸದ 15 ಪಟ್ಟಿದ್ದಾಗ, ಚಿತ್ರ ತೆಗೆಯಲು ಹೆಚ್ಚು ಹೊತ್ತು ಬೆಳಕು ಬೇಕು. ಕಣ್ಣಿಟ್ಟು ನೋಡುವವರಿಗೆ ಬಿಂಬದ ಹೊಳಪು ವ್ಯಾಸ ಮತ್ತು ವರ್ಧನೆಯಿಂದ ತೀರ್ಮಾನವಾಗುತ್ತದೆ. 'ಸಂಗಮಾನುಪಾತ 15' ಎಂದು ಬರೆದು ಮುಂದೆ ಹೋಗಿ.

ಇರುಕು ಬಿಡಿಸುವ ವಾಕ್ಯ ಹೀಗಿರಲಿ: 'ತಿರುಪುಬಳೆ ಗಾಜಿಗೆ ತಾಗಿದ ಮೇಲೆ ಕೂದಲೆಳೆಯಷ್ಟು ಹಿಂದಕ್ಕೆ ಸಡಿಲಿಸಿ, ಕಿವಿಯ ಬಳಿ ಅಲುಗಿಸಿದರೆ ಸಣ್ಣಗೆ ಟಿಕ್ ಎನ್ನಬೇಕು.'

ಇನ್ನೊಬ್ಬರ ಸೇರ್ಪಡೆ:
'ತಿರುಗಿಸು' ಬಗ್ಗೆಯೂ ಎಚ್ಚರ. ಗಾಜನ್ನು ಇದ್ದ ಮುಖದಲ್ಲೇ ಸುತ್ತಿಸುವುದಕ್ಕೂ ಹಿಂದುಮುಂದು ಮಾಡುವುದಕ್ಕೂ ನಾವು ಇದೇ ಪದ ಬಳಸುತ್ತೇವೆ. ಎರಡನೆಯದಕ್ಕೆ 'ಮಗುಚು' ಎನ್ನಿ. ಫ್ಲಿಂಟ್ ಗಾಜನ್ನು ಸುತ್ತಿಸಿದರೆ ತಯಾರಕರು ಕೂಡಿಸಿದ್ದ ಹೊಂದಾಣಿಕೆ ತಪ್ಪುತ್ತದೆ, ಮಗುಚಿದರೆ ಬಿಂಬವೇ ಹಾಳು. ಬಿಚ್ಚುವ ಮೊದಲು ಎರಡೂ ಗಾಜುಗಳ ಅಂಚಿನ ಮೇಲೆ ಹಾಯುವಂತೆ ಪೆನ್ಸಿಲಿನಿಂದ ಒಂದು ಬಾಣ ಎಳೆಯಿರಿ, ಮೊನೆ ಆಕಾಶದ ಕಡೆಗಿರಲಿ. ಎರಡು ತಪ್ಪನ್ನೂ ಅದು ತಡೆಯುತ್ತದೆ.