20ನೇ ನಂಬರಿನ ಜೆರ್ಸಿ ಸರಿ, ಮನೆಯವರ ಗತಿ ಏನು?

ಗುಂಪು: ಧಾರವಾಡ ಹಳೆ ಫುಟ್‌ಬಾಲ್ ಗೆಳೆಯರು

ಸಲೀಮ್ (ಫಾರ್ವರ್ಡ್ ಮಾಡಿದ್ದು): ತೀರಿಕೊಂಡ ಫುಟ್‌ಬಾಲ್ ಆಟಗಾರ ಡಿಯೊಗೊ ಜೋಟಾ ತೊಡುತ್ತಿದ್ದ 20ನೇ ನಂಬರನ್ನು ಇಂಗ್ಲೆಂಡಿನ ಲಿವರ್‌ಪೂಲ್ ಕ್ಲಬ್ ಇನ್ನು ಯಾರಿಗೂ ಕೊಡುವುದಿಲ್ಲ. ಗಂಡಸರ ತಂಡ, ಹೆಂಗಸರ ತಂಡ, ಅಕಾಡೆಮಿ, ಎಲ್ಲ ಕಡೆ ಆ ನಂಬರು ಅವನದೇ. ಆಟಗಾರನನ್ನು ಮನೆ ಮಗನಂತೆ ನೋಡುವುದು ಅಂದರೆ ಇದು. ಕ್ಲಬ್ ಅಲ್ಲ, ಕುಟುಂಬ. ಎಲ್ಲರಿಗೂ ಕಳಿಸಿ.

ಸಲೀಮ್: ಇದನ್ನು ಓದಿದಾಗಲೆಲ್ಲ ಗಂಟಲು ಕಟ್ಟುತ್ತದೆ. 2025ರ ಜುಲೈ 3ಕ್ಕೆ ಸ್ಪೇನಿನಲ್ಲಿ ಕಾರು ಅಪಘಾತ. ಮದುವೆಯಾಗಿ ಎರಡು ವಾರವೂ ಆಗಿರಲಿಲ್ಲ. ಮೂರು ಸಣ್ಣ ಮಕ್ಕಳು. ಜೊತೆಗಿದ್ದ ತಮ್ಮನೂ ಹೋದ. ಪೋರ್ಚುಗಲ್‌ನಲ್ಲಿ ಮಣ್ಣಿನ ದಿವಸ ಜೊತೆ ಆಟಗಾರ ವ್ಯಾನ್ ಡೈಕ್ ಕೈಯಲ್ಲಿ 20 ಅಂತ ಹೂವಿನಲ್ಲಿ ಕಟ್ಟಿದ ಜೆರ್ಸಿ, ಇನ್ನೊಬ್ಬ ಜೊತೆಗಾರ ರಾಬರ್ಟ್‌ಸನ್ ಕೈಯಲ್ಲಿ ತಮ್ಮನ ನಂಬರು 30. ಹೆಂಡತಿಯನ್ನು, ಮನೆಯವರನ್ನು ಕೇಳಿಯೇ ಕ್ಲಬ್ಬಿನವರು ನಂಬರಿನ ನಿರ್ಧಾರ ಮಾಡಿದರು. ನಮ್ಮ ದೇಶದಲ್ಲಿ ಹೀಗೆ ಯಾರು ಮಾಡುತ್ತಾರೆ ಹೇಳಿ.

ಪ್ರಭು: ದೊಡ್ಡ ಮನಸ್ಸು ಬೇಕು.

ವೀರೇಶಣ್ಣ: ದೇವರು ಆ ಮಕ್ಕಳಿಗೆ ಒಳ್ಳೆಯದು ಮಾಡಲಿ.

ಮಂಜು: ಸಲೀಮ್, ಲಿವರ್‌ಪೂಲ್ ಮಾಡಿದ್ದು ಒಳ್ಳೆಯ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಆದರೆ ಆ ಫಾರ್ವರ್ಡಿನ ಕೊನೆಯ ಮಾತು ನನಗೆ ಒಪ್ಪಿಗೆಯಿಲ್ಲ. ಕ್ಲಬ್ ಕುಟುಂಬ ಅಲ್ಲ. ಕ್ಲಬ್ ಅಂದರೆ ಕೆಲಸ ಕೊಟ್ಟವರು. ಕುಟುಂಬ ಅಂತ ಹೇಳಿಬಿಟ್ಟರೆ ಅವರು ಕೊಟ್ಟದ್ದೆಲ್ಲ ದಾನ ಆಗುತ್ತದೆ, ಕೊಡದಿದ್ದರೆ ಕೇಳುವ ಹಾಗಿಲ್ಲ. ಎಮಿಲಿಯಾನೊ ಸಾಲಾ ನೆನಪಿದ್ದಾನಾ?

ಸಲೀಮ್: ವಿಮಾನ ಬಿದ್ದು ಹೋದವನು. ಅರ್ಜೆಂಟೀನಾದವನು.

ಮಂಜು: ಅವನೇ. 2019ರ ಜನವರಿ 21. ಫ್ರಾನ್ಸಿನ ನಾಂಟ್ ಕ್ಲಬ್ಬಿನಿಂದ ಬ್ರಿಟನ್ನಿನ ಕಾರ್ಡಿಫ್ ಕ್ಲಬ್ಬಿಗೆ ಮಾರಾಟವಾಗಿದ್ದ. 1 ಕೋಟಿ 70 ಲಕ್ಷ ಯೂರೊ. ಸಣ್ಣ ವಿಮಾನ ಇಂಗ್ಲಿಷ್ ಕಾಲುವೆಯಲ್ಲಿ ಬಿತ್ತು. ಕೆಲವೇ ದಿನಕ್ಕೆ ಸರ್ಕಾರದವರು ಹುಡುಕುವುದನ್ನು ನಿಲ್ಲಿಸಿದರು. ಮನೆಯವರಿಗೋಸ್ಕರ ಜನ ದುಡ್ಡು ಕೂಡಿಸಿ ಮತ್ತೆ ಹುಡುಕಿಸಿದರು, ಆಗ ಸಮುದ್ರದ ತಳದಲ್ಲಿ ವಿಮಾನ ಸಿಕ್ಕಿತು. ಸಿಕ್ಕ ದೇಹ ಅವನದೇ ಅಂತ ಗೊತ್ತಾಗುವ ಮೊದಲೇ ಪೇಪರಿನಲ್ಲಿ ಬಂದ ಸುದ್ದಿ ಏನು ಗೊತ್ತಾ? ಮೊದಲ ಕಂತಿನ ದುಡ್ಡು ಕೊಡಿ ಅಂತ ನಾಂಟ್ ಕಾರ್ಡಿಫ್‌ಗೆ ಕೇಳಿದೆ ಅನ್ನುವುದು. ಅವನಿನ್ನೂ ನಮ್ಮ ಆಟಗಾರನೇ ಆಗಿರಲಿಲ್ಲ ಅಂತ ಕಾರ್ಡಿಫ್ ವಾದ. ವಿಶ್ವ ಫುಟ್‌ಬಾಲ್ ಸಂಸ್ಥೆ ಫಿಫಾ ಮುಂದೆ ಹೋದರು, ಅಲ್ಲಿಂದ ಸ್ವಿಟ್ಜರ್ಲೆಂಡಿನ ಕ್ರೀಡಾ ನ್ಯಾಯಾಲಯಕ್ಕೆ. 2022ರಲ್ಲಿ ಕಾರ್ಡಿಫ್ ಅಲ್ಲಿಯೂ ಸೋತಿತು. ಅಪ್ಪ ಅದನ್ನೆಲ್ಲ ನೋಡಲು ಇರಲಿಲ್ಲ. ಮಗ ಹೋಗಿ ಮೂರು ತಿಂಗಳಿಗೆ ಹೃದಯಾಘಾತದಿಂದ ತೀರಿಕೊಂಡರು.

ಸಲೀಮ್: ಒಂದು ಒಳ್ಳೆಯ ಸುದ್ದಿ ಹಾಕಿದರೂ ನೀನು ಕೆಟ್ಟದ್ದನ್ನೇ ಹುಡುಕಿ ತರುತ್ತೀಯಪ್ಪಾ. ಎಲ್ಲ ಕ್ಲಬ್ ಹಾಗಿರುತ್ತವಾ? ದೊಡ್ಡ ಕ್ಲಬ್‌ಗಳ ಸಂಸ್ಕಾರವೇ ಬೇರೆ.

ಮಂಜು: ದೊಡ್ಡ ಕ್ಲಬ್ಬೇ ತಗೋ. ಮ್ಯಾಂಚೆಸ್ಟರ್ ಯುನೈಟೆಡ್. 1958ರ ಫೆಬ್ರುವರಿ 6ರ ಮ್ಯೂನಿಕ್ ವಿಮಾನ ದುರಂತ. 23 ಜನ ಹೋದರು, ಅದರಲ್ಲಿ 8 ಜನ ಆಟಗಾರರು. ಪ್ರತಿ ವರ್ಷ ಆ ದಿನ ಮೌನ ಆಚರಿಸುತ್ತಾರೆ, ನಾನೂ ಟಿವಿಯಲ್ಲಿ ನೋಡುತ್ತೇನೆ. ಆದರೆ ಬದುಕಿ ಉಳಿದವರ ಕಥೆ ಕೇಳು. ಜಾನಿ ಬೆರಿ ಮತ್ತು ಜಾಕಿ ಬ್ಲಾಂಚ್‌ಫ್ಲವರ್ ಮತ್ತೆ ಆಡಲೇ ಇಲ್ಲ, ಅಷ್ಟು ಪೆಟ್ಟಾಗಿತ್ತು. ಅವರು ಇದ್ದದ್ದು ಕ್ಲಬ್ಬಿನ ಮನೆಯಲ್ಲಿ. ಆಡಲು ಆಗದವರು ಮನೆ ಖಾಲಿ ಮಾಡಬೇಕಾಯಿತು. ಹೆಂಡತಿ ಮಕ್ಕಳನ್ನು ಕಟ್ಟಿಕೊಂಡು ಹೊರಗೆ ಬಂದರು. ಬದುಕುಳಿದವರಿಗೆ, ಸತ್ತವರ ಮನೆಯವರಿಗೆ ಅಂತ ಕ್ಲಬ್ಬಿನ ಮೈದಾನ ಓಲ್ಡ್ ಟ್ರಾಫರ್ಡ್‌ನಲ್ಲಿ ಒಂದು ಸಹಾಯಾರ್ಥ ಪಂದ್ಯ ಆಗಿದ್ದು 1998ರಲ್ಲಿ. 40 ವರ್ಷ ಆದ ಮೇಲೆ.

ವೀರೇಶಣ್ಣ: ಮಂಜು, ಈ ಮನೆ ಖಾಲಿ ಮಾಡಿಸಿದ್ದು ನನಗೆ ಗೊತ್ತಿರಲಿಲ್ಲ. ಕೇಳಿ ಬಹಳ ಬೇಜಾರಾಯಿತು. ನಾನೊಂದು ಮಾತು ಹೇಳುತ್ತೇನೆ, ಹಳೆ ಕಾಲದವನು ಅಂದುಕೊಂಡರೂ ಸರಿ. ನಾನು ಸ್ಪೋರ್ಟ್ಸ್ ಕೋಟಾದಲ್ಲಿ ರೈಲ್ವೆ ಸೇರಿದವನು. ಸಂಬಳ ಕಡಿಮೆ ಇತ್ತು. ಆದರೆ ಮೊಣಕಾಲು ಹೋದ ಮೇಲೂ ನೌಕರಿ ಹೋಗಲಿಲ್ಲ. ಹುಬ್ಬಳ್ಳಿಯಲ್ಲಿ ಕ್ವಾರ್ಟರ್ಸ್ ಇತ್ತು, ರೈಲ್ವೆ ಆಸ್ಪತ್ರೆ ಇತ್ತು, ಮನೆಯವರಿಗೆಲ್ಲ ಪಾಸು ಇತ್ತು. ನಮ್ಮ ಜೊತೆ ಆಡಿದವನೊಬ್ಬ ಸರ್ವಿಸಿನಲ್ಲಿದ್ದಾಗಲೇ ತೀರಿಕೊಂಡ. ಅವನ ಹೆಂಡತಿಗೆ ಪೆನ್ಷನ್ ಬಂತು, ಮಗನಿಗೆ ಅನುಕಂಪದ ಮೇಲೆ ನೌಕರಿ ಬಂತು. ಯಾರೂ ಅವನ ನಂಬರಿನ ಜೆರ್ಸಿ ಎತ್ತಿಡಲಿಲ್ಲ. ನಮ್ಮ ಜೆರ್ಸಿಗೆ ನಂಬರು ಇದ್ದದ್ದೇ ನನಗೆ ನೆನಪಿಲ್ಲ. ಆದರೆ ಆ ಮನೆ ನಿಂತಿತು.

ಮಂಜು: ಅಣ್ಣಾ, ನಾನು ಹೇಳಬೇಕು ಅಂದುಕೊಂಡಿದ್ದೂ ಇದನ್ನೇ. ರೈಲ್ವೆಯವರಿಗೆ ನಿಮ್ಮ ಮೇಲೆ ಪ್ರೀತಿ ಇತ್ತೋ ಇಲ್ಲವೋ, ನಿಯಮ ಇತ್ತು. ಆ ಹೆಣ್ಣುಮಗಳು ಯಾರ ಮುಂದೆಯೂ ಕೈ ಚಾಚಲಿಲ್ಲ.

ಪ್ರಭು: ನಾನು ಸ್ವಲ್ಪ ಬೇರೆ ಮಾತು ಹೇಳಲಾ? ಬೈಬೇಡಿ. ಇವತ್ತಿನ ಆಟಗಾರರು ಕೋಟಿಗಟ್ಟಲೆ ತಗೊಳ್ಳುತ್ತಾರೆ. ಏಜೆಂಟ್ ಇರುತ್ತಾನೆ, ವಕೀಲ ಇರುತ್ತಾನೆ. ಇನ್ಶೂರೆನ್ಸ್ ಮಾಡಿಸಿಕೊಳ್ಳಲು ಅವರಿಗೆ ಏನು ತೊಂದರೆ? ಕ್ಲಬ್ ಯಾಕೆ ಎಲ್ಲ ಹೊರಬೇಕು?

ಮಂಜು: ಕೋಟಿ ತಗೊಳ್ಳುವವರು ಎಷ್ಟು ಜನ ಪ್ರಭು? ದುಡಿದ ಸಂಬಳವೇ ಬಾರದ ಆಟಗಾರರಿಗೋಸ್ಕರ ಫಿಫಾ 2020ರಲ್ಲಿ 1 ಕೋಟಿ 60 ಲಕ್ಷ ಡಾಲರಿನ ನಿಧಿ ಇಡಬೇಕಾಯಿತು. ನಮ್ಮಲ್ಲೇ ನೋಡು. 2025ರ ಆಗಸ್ಟ್‌ನಲ್ಲಿ ಐಎಸ್ಎಲ್ (ಇಂಡಿಯನ್ ಸೂಪರ್ ಲೀಗ್) ನಡೆಯುವುದೇ ಅನುಮಾನ ಆದಾಗ ಬೆಂಗಳೂರು ಎಫ್‌ಸಿ ಮೊದಲ ತಂಡದ ಆಟಗಾರರು, ಸಿಬ್ಬಂದಿ ಎಲ್ಲರ ಸಂಬಳ ತಡೆಹಿಡಿಯಿತು. ಎಷ್ಟು ದಿನಕ್ಕೆ ಅಂತಲೂ ಹೇಳಲಿಲ್ಲ. ಸುನಿಲ್ ಚೆಟ್ರಿ ಹೇಗೋ ನಿಭಾಯಿಸುತ್ತಾರೆ. ಆ ತಂಡದ ಬಟ್ಟೆ ಒಗೆಯುವವರು, ಮಸಾಜ್ ಮಾಡುವವರು, ಈಗಷ್ಟೇ ಮೇಲೆ ಬಂದ ಹುಡುಗರು? ಅವರ ಮನೆ ಬಾಡಿಗೆ ಒಂದನೇ ತಾರೀಖಿಗೆ ಬರುವುದೇ.

ಪ್ರಭು: ಲೀಗೇ ಇಲ್ಲ ಅಂದಮೇಲೆ ಕ್ಲಬ್ ಎಲ್ಲಿಂದ ತಂದು ಕೊಡಬೇಕು? ಅವರಿಗೂ ಬ್ಯಾಂಕಿದೆ, ಲೆಕ್ಕ ಇದೆ. ತಪ್ಪು ಲೀಗ್ ನಡೆಸುವವರದ್ದು.

ಮಂಜು: ಲೀಗ್ ನಿಂತದ್ದು ಕ್ಲಬ್ಬಿನ ತಪ್ಪಲ್ಲ, ಅಷ್ಟು ಒಪ್ಪುತ್ತೇನೆ. ಆದರೆ ಮೇಲಿನವರ ಜಗಳದಲ್ಲಿ ಮೊದಲು ನಿಲ್ಲುವುದು ಆಡುವವನ ಸಂಬಳ. ಅಲ್ಲಿ ಯಾರೂ ನಾವು ಕುಟುಂಬ ಅನ್ನಲಿಲ್ಲ, ಅಲ್ವಾ?

ಸುಜಾತಾ: ಇಷ್ಟೊತ್ತು ಶಾಲೆಯಲ್ಲಿದ್ದೆ, ಈಗ ಎಲ್ಲ ಓದಿದೆ. ಕುಟುಂಬದ ಮಾತು ಬಂದಿದ್ದಕ್ಕೆ ಹೇಳುತ್ತೇನೆ. ಸಾರಾ ಬ್ಯೊರ್ಕ್ ಗುನ್ನಾರ್ಸ್‌ಡೋಟಿರ್ ಅಂತ, ಆಗ ಐಸ್‌ಲ್ಯಾಂಡ್ ತಂಡದ ಕ್ಯಾಪ್ಟನ್ ಆಗಿದ್ದಳು. ಆಡುತ್ತಿದ್ದದ್ದು ಫ್ರಾನ್ಸಿನ ಲಿಯೋನ್‌ನಲ್ಲಿ, ಹೆಣ್ಣುಮಕ್ಕಳ ಫುಟ್‌ಬಾಲ್‌ನಲ್ಲಿ ಅದಕ್ಕಿಂತ ದೊಡ್ಡ ಹೆಸರಿಲ್ಲ. ಬಸುರಿಯಾದಳು. ಊರಿಗೆ ಹೋಗಿ ಬಾಣಂತನ ಮಾಡಿಕೊಂಡು ಬರುತ್ತೇನೆ ಅಂದಳು, ಕ್ಲಬ್ ಒಪ್ಪಿತು. ಆಮೇಲೆ ಬ್ಯಾಂಕ್ ಖಾತೆ ನೋಡಿದರೆ ಸಂಬಳ ಇಲ್ಲ. ಕೇಳಿದರೂ ಸರಿಯಾದ ಉತ್ತರ ಇಲ್ಲ. ಕೂಸು ಕಟ್ಟಿಕೊಂಡು ತಿರುಗಿ ಬಂದರೆ, ಬೇರೆ ಊರಿನ ಮ್ಯಾಚಿಗೆ ಕೂಸನ್ನು ತರಬೇಡ ಅಂದರು. ಅತ್ತರೆ ಬಸ್ಸಿನಲ್ಲಿ ಉಳಿದವರಿಗೆ ತೊಂದರೆ ಅಂತ. ಮೊಲೆ ಕುಡಿಯುವ ಕೂಸನ್ನು ಯಾರ ಹತ್ತಿರ ಬಿಟ್ಟು ಹೋಗಬೇಕು ಅವಳು?

ಸಲೀಮ್: ಇದು ತಪ್ಪು. ಇದಕ್ಕೆ ನಾನು ಏನೂ ಸಮರ್ಥನೆ ಕೊಡಲ್ಲ ಅಕ್ಕಾ.

ಸುಜಾತಾ: ಮುಂದೆ ಕೇಳು. ಅವಳು ಸುಮ್ನೆ ಕೂರಲಿಲ್ಲ. ಆಟಗಾರರ ಸಂಘದ ಜೊತೆ ಫಿಫಾಗೆ ಹೋದಳು, ಗೆದ್ದಳು. 82,000 ಯೂರೊಗಿಂತ ಜಾಸ್ತಿ ಬಾಕಿ ಕ್ಲಬ್ ಕೊಡಬೇಕಾಯಿತು, ಬಡ್ಡಿ ಸಮೇತ. ಯಾಕೆ ಗೆದ್ದಳು? 2021ರ ಜನವರಿಯಿಂದ ನಿಯಮ ಬಂದಿತ್ತು. 14 ವಾರ ಹೆರಿಗೆ ರಜೆ, ಕನಿಷ್ಠ ಮೂರನೇ ಎರಡು ಭಾಗ ಸಂಬಳ. ಅದಕ್ಕಿಂತ ಎರಡು ವರ್ಷ ಮೊದಲು ಹೆತ್ತಿದ್ದರೆ ಅವಳ ಕೈಯಲ್ಲಿ ಆ ಕಾಗದವೇ ಇರುತ್ತಿರಲಿಲ್ಲ. ನಮ್ಮ ಗದಗಿನ ಹುಡುಗಿಯರಿಗೆ ನಾನು ಆಟ ಕಲಿಸುತ್ತೇನೆ. ಮದುವೆಯಾದ ಮೇಲೂ ಆಡಬಹುದಾ ಟೀಚರ್ ಅಂತ ಕೇಳುತ್ತಾರೆ. ಅವರಿಗೆ ಹೇಳಲು ನನ್ನ ಹತ್ತಿರ ಇರುವ ಒಂದೇ ಗಟ್ಟಿ ಉತ್ತರ ಇವಳು.

ಮಂಜು: ಇನ್ನೊಂದು ವಿಷಯ. ದೇಶದ ತಂಡಕ್ಕೆ ಆಡುವಾಗ ಆಟಗಾರನಿಗೆ ದೊಡ್ಡ ಗಾಯವಾದರೆ ಫಿಫಾ ಪರಿಹಾರ ಕೊಡುತ್ತದೆ. ಒಬ್ಬ ಆಟಗಾರನ ಗಾಯಕ್ಕೆ 75 ಲಕ್ಷ ಯೂರೊವರೆಗೆ. ಆ ದುಡ್ಡು ಹೋಗುವುದು ಯಾರಿಗೆ? ಕ್ಲಬ್ಬಿಗೆ! ಮನೆಯಲ್ಲಿ ಮಲಗಿದವನ ಸಂಬಳ ಕ್ಲಬ್ ಕೊಡುತ್ತಿರುತ್ತದಲ್ಲ, ಅದಕ್ಕೆ. ಲೆಕ್ಕ ಸರಿಯಾಗಿಯೇ ಇದೆ. ಆದರೆ ಕ್ಲಬ್ಬುಗಳು ತಮ್ಮ ನಷ್ಟವನ್ನು ಎಷ್ಟು ಚೆನ್ನಾಗಿ ಕಾಗದದ ಮೇಲೆ ಬರೆಸಿಕೊಂಡಿವೆ ನೋಡಿ. ಮನೆಯವರ ವಿಷಯ ಬಂದಾಗ ಮಾತ್ರ ಹೂವಿನ ಹಾರ.

ಸಲೀಮ್: ಹಾರವನ್ನು ಹೀಯಾಳಿಸಬೇಡ ಮಂಜು. ಸತ್ತವನಿಗೆ ಗೌರವ ಕೊಡುವುದೂ ಮನೆಯವರಿಗೆ ಒಂದು ಧೈರ್ಯವೇ. ಅಬ್ಬಾ ಹೋದಾಗ ಅವರ ಆಫೀಸಿನವರು ಬಂದು ಕೂತಿದ್ದನ್ನು ನಮ್ಮ ಅಮ್ಮಿ ಇವತ್ತಿಗೂ ಹೇಳುತ್ತಾಳೆ.

ಮಂಜು: ಹೀಯಾಳಿಸುತ್ತಿಲ್ಲ ಸಲೀಮ್, ಆಣೆ ಮಾಡಿ ಹೇಳುತ್ತೇನೆ. ಹಾರವೂ ಇರಲಿ. ಹಾರ ಒಂದೇ ಆದಾಗ ಸಿಟ್ಟು ಬರುತ್ತದೆ. 2012ರ ಮಾರ್ಚ್ ತಿಂಗಳ ಒಂದೇ ವಾರದಲ್ಲಿ ಆಗಿದ್ದು ಹೇಳುತ್ತೇನೆ, ನೀನೇ ತೂಗಿ ನೋಡು. ಮಾರ್ಚ್ 17, ಲಂಡನ್. ಬೋಲ್ಟನ್ ತಂಡದ ಫ್ಯಾಬ್ರಿಸ್ ಮುವಾಂಬಾ ಮೈದಾನದಲ್ಲಿ ಕುಸಿದ. ಎರಡೂ ತಂಡದ ಡಾಕ್ಟರುಗಳು ಓಡಿದರು. ಮ್ಯಾಚ್ ನೋಡಲು ಬಂದಿದ್ದ ಹೃದಯ ತಜ್ಞರೊಬ್ಬರು ಗ್ಯಾಲರಿಯಿಂದ ಇಳಿದು ಬಂದರು. ಅಲ್ಲೇ ಶಾಕ್ ಕೊಟ್ಟರು, ಆಂಬುಲೆನ್ಸಿನಲ್ಲೂ ಕೊಟ್ಟರು. 78 ನಿಮಿಷ ಹೃದಯ ನಿಂತಿತ್ತು. ಬದುಕಿದ!

ಮಂಜು: ನಾಲ್ಕು ದಿನ ಬಿಟ್ಟು ಮಾರ್ಚ್ 21, ನಮ್ಮ ಬೆಂಗಳೂರು ಫುಟ್‌ಬಾಲ್ ಸ್ಟೇಡಿಯಂ. ಎ ಡಿವಿಷನ್ ಪಂದ್ಯ, ಬೆಂಗಳೂರು ಮಾರ್ಸ್ ವಿರುದ್ಧ ನಮ್ಮ ನೈಋತ್ಯ ರೈಲ್ವೆ. ಮಾರ್ಸ್‌ನ ಡಿ. ವೆಂಕಟೇಶ್ ಕುಸಿದ. 27 ವರ್ಷ. ಮೈದಾನದಲ್ಲಿ ಆಂಬುಲೆನ್ಸ್ ಇರಲಿಲ್ಲ. ಆಟೋದಲ್ಲಿ ಆಸ್ಪತ್ರೆಗೆ ಕರೆದುಕೊಂಡು ಹೋದರು. ಉಳಿಯಲಿಲ್ಲ.

ವೀರೇಶಣ್ಣ: ನಮ್ಮ ರೈಲ್ವೆ ಹುಡುಗರು ಆಡಿದ ಮ್ಯಾಚು ಅದು. ಆವಾಗ ಬಹಳ ಮಾತಾಡಿಕೊಂಡಿದ್ದೆವು.

ಮಂಜು: ಅಣ್ಣಾ, ಅದಕ್ಕೂ ಏಳು ವರ್ಷ ಮೊದಲು ಅದೇ ಬೆಂಗಳೂರಿನಲ್ಲಿ ಪಾಠ ಆಗಿತ್ತು. 2004ರ ಡಿಸೆಂಬರ್ 5, ಕಂಠೀರವ ಸ್ಟೇಡಿಯಂ, ಫೆಡರೇಷನ್ ಕಪ್ ಫೈನಲ್. ಗೋವಾದ ಡೆಂಪೊ ತಂಡದ ಬ್ರೆಜಿಲ್ ಆಟಗಾರ ಕ್ರಿಸ್ಟಿಯಾನೊ ಜೂನಿಯರ್ ತನ್ನ ಎರಡನೇ ಗೋಲು ಹೊಡೆದ, ಎದುರಾಳಿ ಮೋಹನ್ ಬಗಾನ್ ತಂಡದ ಗೋಲ್‌ಕೀಪರ್‌ಗೆ ಡಿಕ್ಕಿಯಾಗಿ ಬಿದ್ದ, ಏಳಲಿಲ್ಲ. ಡೆಂಪೊ ಅವನ 10ನೇ ನಂಬರನ್ನು ಎತ್ತಿಟ್ಟಿತು. ನಮ್ಮ ದೇಶದಲ್ಲಿ ಯಾರು ಮಾಡುತ್ತಾರೆ ಅಂತ ಕೇಳಿದೆಯಲ್ಲ ಸಲೀಮ್, ಲಿವರ್‌ಪೂಲ್‌ಗಿಂತ 20 ವರ್ಷ ಮೊದಲು ಗೋವಾದವರು ಮಾಡಿದ್ದರು. ಮೈದಾನದಲ್ಲಿ ಸರಿಯಾದ ವೈದ್ಯಕೀಯ ವ್ಯವಸ್ಥೆ ಇರಲಿಲ್ಲ ಅಂತ ದೇಶದ ತುಂಬ ಗದ್ದಲವೂ ಆಗಿತ್ತು. ಆದರೂ 2012ರಲ್ಲಿ ಆಟೋ.

ಸಲೀಮ್: ಡೆಂಪೊ ವಿಷಯ ಗೊತ್ತಿರಲಿಲ್ಲ.

ಮಂಜು: ದೂರ ಯಾಕೆ, ಹೋದ ವರ್ಷ ನಮ್ಮ ಕಡೆ ಒಂದು ಟೂರ್ನಮೆಂಟಿನಲ್ಲಿ ಹಾವೇರಿ ಹುಡುಗನ ಕಾಲು ಮುರಿಯಿತು. ನಾನು ಅಲ್ಲೇ ಇದ್ದೆ. ಮುಂದೆ ಒಬ್ಬ ಬೈಕ್ ಹೊಡೆಯುವವನು, ನಡುವೆ ಆ ಹುಡುಗ, ಹಿಂದೆ ಒಬ್ಬ ಅವನನ್ನು ತಬ್ಬಿ ಹಿಡಿದವನು. ಕಾಲಿಗೆ ರಟ್ಟಿನ ಡಬ್ಬ ಹರಿದು, ಬೂಟಿನ ಲೇಸಿನಿಂದ ಕಟ್ಟಿದ್ದರು. ಗುಂಡಿ ಬಂದಾಗಲೆಲ್ಲ ಕೂಗುತ್ತಿದ್ದ. ಸಂಜೆ ಕಪ್ ಕೊಡುವಾಗ ಮೈಕಿನಲ್ಲಿ ಅವನ ಹೆಸರು ಹೇಳಿ ಚಪ್ಪಾಳೆ ಹೊಡೆಸಿದರು. ಆಸ್ಪತ್ರೆ ಬಿಲ್ಲು ಅವರಪ್ಪ ಕಟ್ಟಿದ, ಟಂಟಂ ಓಡಿಸುವವನು. ಡಿಸೆಂಬರಿನಲ್ಲಿ ನೆಹರೂ ಮೈದಾನದಲ್ಲಿ ನಾವೇ ಟೂರ್ನಮೆಂಟ್ ಮಾಡುತ್ತಿದ್ದೇವೆ. ಆಂಬುಲೆನ್ಸ್ ಗೇಟಿನ ಹತ್ತಿರ ನಿಲ್ಲದೆ ಸೀಟಿ ಊದಬಾರದು. ಆಡುವ ಪ್ರತಿಯೊಬ್ಬನಿಗೂ ವಿಮೆ ಇರಬೇಕು. ಇಲ್ಲದಿದ್ದರೆ ಕಮಿಟಿಯಲ್ಲಿ ನಾನಿರಲ್ಲ.

ಪ್ರಭು: ಬಜೆಟ್ ನೋಡಿದ್ದೀಯಾ? ಎರಡು ದಿನ ಆಂಬುಲೆನ್ಸ್ ನಿಲ್ಲಿಸಿದರೆ ಎಂಟ್ರಿ ಫೀ ಅಲ್ಲೇ ಹೋಗುತ್ತದೆ. 108ಕ್ಕೆ ಫೋನ್ ಮಾಡಿದರೆ ಬರುತ್ತದಲ್ಲ.

ಸುಜಾತಾ: ಚೆನ್ನಮ್ಮ ಸರ್ಕಲ್ ಟ್ರಾಫಿಕ್ ದಾಟಿ ಬರಬೇಕು ಪ್ರಭು. ಹೃದಯ ನಿಂತವನಿಗೆ ಮೊದಲ ಕೆಲವು ನಿಮಿಷವೇ ಮುಖ್ಯ. ಎದೆ ಒತ್ತುವುದನ್ನು ರೆಫರಿಗಳಿಗೂ ಕಮಿಟಿಯವರಿಗೂ ಮೊದಲೇ ಕಲಿಸಬೇಕು, ಅದಕ್ಕೆ ದುಡ್ಡೂ ಬೇಡ. ನಮ್ಮ ಶಾಲೆಗೆ ಬಂದು ಕಲಿಸಿದ ನರ್ಸ್ ಇದ್ದಾರೆ, ನಾನು ಕೇಳುತ್ತೇನೆ.

ಪ್ರಭು: ಸರಿ. ವಿಮೆ ವಿಷಯ ನನ್ನ ಕೆಲಸದ್ದೇ ಆದ್ದರಿಂದ ಹೇಳಿಬಿಡುತ್ತೇನೆ. ಪ್ರಧಾನಮಂತ್ರಿ ಸುರಕ್ಷಾ ಬಿಮಾ ವರ್ಷಕ್ಕೆ 20 ರೂಪಾಯಿ, ಅಪಘಾತದಲ್ಲಿ ಸತ್ತರೆ 2 ಲಕ್ಷ. ಜೀವನ್ ಜ್ಯೋತಿ 436 ರೂಪಾಯಿ, ಸಾವಿಗೆ ಕಾರಣ ಏನೇ ಇದ್ದರೂ 2 ಲಕ್ಷ. ಬ್ಯಾಂಕ್ ಖಾತೆ ಇದ್ದರೆ ಸಾಕು. ಆದರೆ ಎರಡಕ್ಕೂ 18 ತುಂಬಿರಬೇಕು. ಮತ್ತೆ ಕಾಲು ಮುರಿದು ಆಸ್ಪತ್ರೆ ಸೇರಿದರೆ ಆ ಬಿಲ್ಲು ಇವೆರಡರಲ್ಲೂ ಬರಲ್ಲ. ನಮ್ಮಲ್ಲಿ ಆಡುವವರು ಅರ್ಧಕ್ಕರ್ಧ ಪಿಯುಸಿ ಹುಡುಗರು.

ಮಂಜು: ಹಾಗಾದರೆ ಆಸ್ಪತ್ರೆ ಖರ್ಚೂ ಸೇರುವ ಹಾಗೆ ಎಲ್ಲ ತಂಡಕ್ಕೂ ಒಟ್ಟಿಗೆ ಗುಂಪು ಅಪಘಾತ ವಿಮೆ ಕೇಳು. ನೀನೇ ಕೇಳಬೇಕು, ನಿನಗೇ ಗೊತ್ತಿರುವುದು.

ಪ್ರಭು: ಸೋಮವಾರ ಕೇಳಿ ರೇಟು ಹಾಕುತ್ತೇನೆ. ದುಡ್ಡು ಎಲ್ಲಿಂದ ಅಂತ ನನ್ನನ್ನು ಕೇಳಬೇಡಿ.

ಸಲೀಮ್: ಕಪ್ಪಿನ ಖರ್ಚು ನಾನು ಹೊತ್ತಿದ್ದೆನಲ್ಲ, ನಾಲ್ಕು ಅಡಿ ಕಪ್ಪು. ಅದು ಒಂದೂವರೆ ಅಡಿ ಸಾಕು. ಉಳಿದದ್ದು ಆಂಬುಲೆನ್ಸಿಗೆ ಹಾಕಿ. ಆದರೆ ಮೊದಲ ಮ್ಯಾಚಿಗೆ ಮುಂಚೆ ಜೋಟಾ ಹೆಸರಿನಲ್ಲಿ ಒಂದು ನಿಮಿಷ ಮೌನ ಬೇಕೇ ಬೇಕು.

ಮಂಜು: ವೆಂಕಟೇಶ್ ಹೆಸರಿನಲ್ಲೂ.

ಸಲೀಮ್: ಇಬ್ಬರ ಹೆಸರಿನಲ್ಲೂ. ವೀರೇಶಣ್ಣ, ಆಂಬುಲೆನ್ಸಿನವರು ನಿಮಗೆ ಯಾರಾದರೂ ಪರಿಚಯ ಇದ್ದಾರಾ?

ವೀರೇಶಣ್ಣ: ಕೇಶ್ವಾಪುರದಲ್ಲಿ ಒಬ್ಬರಿದ್ದಾರೆ. ನಾಳೆ ಬೆಳಿಗ್ಗೆ ಹೋಗಿ ಮಾತಾಡುತ್ತೇನೆ. ಆಕ್ಸಿಜನ್ ಇರುವ ಗಾಡಿಯೇ ಬೇಕು ಅಂತ ಹೇಳಲಾ?

ಸುಜಾತಾ: ಹೌದು ಅಣ್ಣಾ, ಶಾಕ್ ಕೊಡುವ ಮಷೀನೂ ಇದೆಯಾ ಕೇಳಿ.