ಸಹಾಯ ಬೇಕು: ಗೊದಮೊಟ್ಟೆಗಳಿರುವ ಕೊಳದಿಂದ ಪಾಚಿ ತೆಗೆಯುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ನಮ್ಮ ಹಿತ್ತಲ ಕೊಳ ಸುಮಾರು 8 ಅಡಿ ಉದ್ದ, 2 ಅಡಿ ಆಳ. ಇದೇ ಮೊದಲ ಸಲ ಕಪ್ಪೆಗಳು ಬಂದು ಮೊಟ್ಟೆ ಇಟ್ಟು, ಈಗ ನೀರು ತುಂಬಾ ಗೊದಮೊಟ್ಟೆಗಳು. ಆದರೆ 15 ದಿನದಲ್ಲಿ ನೂಲಿನಂಥ ಹಸಿರು ಪಾಚಿ ಮುಕ್ಕಾಲು ಕೊಳ ಮುಚ್ಚಿಬಿಟ್ಟಿದೆ.

ನಿನ್ನೆ ಕೋಲಿಗೆ ಸುತ್ತಿ ಒಂದಿಷ್ಟು ಮೇಲೆತ್ತಿದೆ. ಒದ್ದೆ ಉಣ್ಣೆಯಂಥ ಆ ಮುದ್ದೆಯೊಳಗೆ ಹನ್ನೊಂದು ಗೊದಮೊಟ್ಟೆಗಳು ಬಾಲ ಬಡಿಯುತ್ತಿದ್ದವು. ಒಂದೊಂದನ್ನೇ ಬಿಡಿಸಿ ನೀರಿಗೆ ಬಿಡುವಷ್ಟರಲ್ಲಿ ಎರಡು ಸತ್ತೇ ಹೋದವು. ತುಂಬಾ ಸಂಕಟವಾಯಿತು, ಆಮೇಲೆ ಕೈ ಹಾಕಿಲ್ಲ.

ಪಾಚಿ ಪೂರ್ತಿ ಹೋಗಲಿ ಅಂತಲ್ಲ, ಅವುಗಳಿಗೆ ಅದೇ ಊಟ. ಆದರೆ ರಾತ್ರಿ ಹೊತ್ತು ಪಾಚಿಯೂ ನೀರಿನ ಆಮ್ಲಜನಕ ಎಳೆದುಕೊಳ್ಳುತ್ತದೆ, ಕೊಳೆತರಂತೂ ಇನ್ನೂ ಕಷ್ಟ. ಬೆಳಗಿನ ಜಾವ ಮರಿಗಳೆಲ್ಲ ಮೇಲೆ ಬಂದು ಬಾಯಿ ತೆರೆಯುವುದನ್ನು ನೋಡಿ ಭಯವಾಗಿದೆ.

ಪಾಚಿ ಸಾಯಲು ಮೈಲುತುತ್ತ (ಕಾಪರ್ ಸಲ್ಫೇಟ್) ಹಾಕು ಎಂದವರಿದ್ದಾರೆ. ಅದು ಗೊದಮೊಟ್ಟೆಗಳಿಗೆ ವಿಷ, ಖಂಡಿತ ಹಾಕಲ್ಲ. ಮೀನೂ ಬೇಡ, ಮರಿಗಳನ್ನೇ ತಿಂದುಬಿಡುತ್ತವೆ. ನಲ್ಲಿ ನೀರಿನ ನೈಟ್ರೇಟ್, ಫಾಸ್ಫೇಟ್ ಪಾಚಿಗೆ ಗೊಬ್ಬರವಾಗಬಹುದು ಅಂತ ತಿಳಿದ ಮೇಲೆ ಮಳೆನೀರನ್ನಷ್ಟೇ ಸೇರಿಸುತ್ತಿದ್ದೇನೆ.

ತೆಗೆದ ಪಾಚಿಯನ್ನು ದಡದಲ್ಲಿಡುವ ಬದಲು ನೀರು ತುಂಬಿದ ಬಕೆಟ್‌ನಲ್ಲಿ ಅಲುಗಾಡಿಸಿದರೆ ಮರಿಗಳು ತಾವೇ ಬಿಡಿಸಿಕೊಳ್ಳುತ್ತವಾ? ಒಂದು ಸಲಕ್ಕೆ ಎಷ್ಟು ತೆಗೆಯಬಹುದು? ನೆರಳಿಗೆ ನೈದಿಲೆ ಈಗಲೇ ನೆಡಲಾ, ಮರಿಗಳಿಗೆ ಕಾಲು ಮೂಡುವವರೆಗೆ ಕಾಯಲಾ? ಪಾಚಿ ತಡೆಯಲು ಬಾರ್ಲಿಯ ಒಣಹುಲ್ಲು ಹಾಕಿ ನೋಡಿದವರಿದ್ದರೆ ದಯವಿಟ್ಟು ಅನುಭವ ಹೇಳಿ.