ಬಿಸಿಲುಕೋಲು ಫಿಲ್ಮಿನಲ್ಲಿ ಯಾಕೆ ಮೂಡ್ತಿಲ್ಲ?

ಪ್ರಶ್ನೆ: ತೊಟ್ಟಿಮನೆಯ ಬೆಳಕಿಂಡಿ, ಎಚ್‌ಪಿ5 ಕಪ್ಪು-ಬಿಳುಪು ಫಿಲ್ಮ್. ‘ಕಾಗಜ್ ಕೆ ಫೂಲ್’ (1959) ಹಿಂದಿ ಸಿನಿಮಾದ ಬೆಳಕಿನ ಕೋಲೇ ಸ್ಫೂರ್ತಿ. ಪ್ರಿಂಟಲ್ಲಿ ನೆಲದ ಮೇಲಿನ ಬಿಳಿ ಮಚ್ಚೆ ಬಿಟ್ರೆ ಏನೂ ಇಲ್ಲ. ಕೆಂಪು ಫಿಲ್ಟರ್ ಹಾಕ್ಲಾ?

ಉತ್ತರ: ಬೇಡ, ಸುಮ್ನೆ ಮೂರು ಸ್ಟಾಪ್ ಬೆಳಕು ತಿನ್ನತ್ತೆ (ಒಂದು ಸ್ಟಾಪ್ ಅಂದ್ರೆ ಬೆಳಕು ಅರ್ಧಕ್ಕಿಳಿಯೋದು). ಆ ಸಿನಿಮಾದ ಕೋಲು ನಮ್ಮ ಮೈಸೂರಿನ ಛಾಯಾಗ್ರಾಹಕ ವಿ.ಕೆ. ಮೂರ್ತಿಯವರ ಕೈಚಳಕ, ಕನ್ನಡಿ ಹಿಡಿದು ಬಿಸಿಲನ್ನೇ ಸ್ಟುಡಿಯೋ ಒಳಕ್ಕೆ ತಿರುಗಿಸಿದ್ರು. ಕೋಲು ಕಾಣೋಕೆ ಗಾಳೀಲಿ ಹೊಗೆ ಬೇಕು. ಒಂದು ಚಿಟಿಕೆ ಸಾಂಬ್ರಾಣಿ ಹಾಕಿ, ಹೊಗೆ ಹರಡಿದ ಮೇಲೆ ಕ್ಲಿಕ್ಕಿಸಿ. ಜಾಸ್ತಿಯಾದ್ರೆ ಎಲ್ಲಾ ಮಬ್ಬು. ಹಿಂದಿನ ಗೋಡೆ ಕತ್ತಲಿರಲಿ, ನೀವು ಬೆಳಕಿಗೆ ಎದುರಾಗಿ ನಿಲ್ಲಿ.

ಇನ್ನೊಂದು ಉತ್ತರ: ಬೆಳಕಳೆಯೋ ಮೀಟರನ್ನ ನೆಲದ ಬಿಸಿಲಿಗೆ ಹಿಡೀಬೇಡಿ. ನೆರಳಲ್ಲಿರೋ ಕಂಬ ಅಳೆದು ಎರಡು ಸ್ಟಾಪ್ ಕಮ್ಮಿ ಕೊಡಿ. ಫಿಲ್ಮ್ ಡೆವಲಪ್ ಮಾಡೋಕೆ ಐಡಿ-11 ದ್ರಾವಣ, ಅಷ್ಟೇ ನೀರು ಬೆರೆಸಿ (1+1), 20 ಡಿಗ್ರಿ, 13 ನಿಮಿಷ. ಬೇಸಿಗೆಯ ಬೆಚ್ಚನೆ ನಲ್ಲಿನೀರಲ್ಲಿ ಅಷ್ಟೇ ಹೊತ್ತು ಬಿಟ್ರೆ ಹೈಲೈಟ್ (ಚಿತ್ರದ ಬೆಳಕಿನ ಭಾಗ) ಸುಟ್ಟುಹೋಗತ್ತೆ. ಡೆವಲಪಿಂಗ್ ಟ್ಯಾಂಕನ್ನ ಐಸ್ ಹಾಕಿದ ಬಕೆಟ್‌ನಲ್ಲಿಡಿ.